ಮೊದಲ ಗುಟುಕು ಕುಡಿಸುವ ತಪ್ಕಿಗೆನ್

ಚಹಾಗುಡ್ಡಗಳ ಮೇಲೆ ಮಂಜು ಇನ್ನೂ ಕೂತೇ ಇದೆ. ಆಸ್ಪತ್ರೆಯ ಹಿಂಬದಿಯ ಜಗಲಿಯಲ್ಲಿ ಏಳೆಂಟು ಜನ ಬೆಂಚಿನ ಮೇಲಿದ್ದಾರೆ. ಒಬ್ಬರ ಮುಖವೂ ಅಂಗಳದ ಕಡೆಗಿಲ್ಲ, ಎಲ್ಲರೂ ಗೋಡೆ ನೋಡುತ್ತಿದ್ದಾರೆ. ಪ್ರತಿಯೊಬ್ಬರ ತೊಡೆಯ ಮೇಲೂ ವನಸ್ಪತಿಯ ಖಾಲಿ ಡಬ್ಬಿ, ಅದರ ಬಾಯಿಗೊಂದು ಮಾಸಿದ ಕರವಸ್ತ್ರ. ಅನ್ನನಾಳ ಕಟ್ಟಿಕೊಂಡವರು ಇವರು. ಅನ್ನದ ಮಾತು ಹಾಗಿರಲಿ, ಬಾಯಲ್ಲಿ ಊರುವ ಜೊಲ್ಲನ್ನೂ ನುಂಗಲಾರರು. ತಾನು ಉಗುಳುವುದನ್ನು ಪಕ್ಕದವನು ನೋಡಬಾರದು, ಪಕ್ಕದವನದು ತನ್ನ ಕಣ್ಣಿಗೆ ಬೀಳಬಾರದು, ಅದಕ್ಕೇ ಗೋಡೆ. ಹಾಗೆ ಕೂರಿ ಎಂದು ಯಾರೂ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ.

ಮೊಣಕಾಲಿನವರೆಗಿನ ರಬ್ಬರ್ ಬೂಟು, ಎದೆಗೆ ಪ್ಲಾಸ್ಟಿಕ್ ಏಪ್ರನ್, ಕೈಯಲ್ಲಿ ಬಿಸಿನೀರಿನ ಕೆಟಲು ಹಿಡಿದು ತಪ್ಕಿಗೆನ್ ಬರುತ್ತಾರೆ. ಐವತ್ತೆಂಟರ ಹೆಂಗಸು, ಅಗಲ ಹೆಗಲು, ಕಿವಿಯ ಹಾಲೆ ಹಳೆಯ ಕಾಲದವರಂತೆ ಇಳಿಬಿದ್ದಿದೆ. ಒಬ್ಬೊಬ್ಬರ ಡಬ್ಬಿಯನ್ನೂ ಕೇಳದೆಯೇ ಎತ್ತಿಕೊಂಡು ಬಚ್ಚಲಿಗೆ ಚೆಲ್ಲಿ, ತೊಳೆದು, ತಿರುಗಿ ತೊಡೆಯ ಮೇಲಿಡುತ್ತಾರೆ.

"ಏನ್ ಯಜಮಾನ್ರೇ, ರಾತ್ರಿಯೆಲ್ಲಾ ಗೋಡೆ ಏನಂತು?"

ಮುದುಕನ ಭುಜ ಅಲುಗುತ್ತದೆ. ನಗು ಬಾಯಿಗೆ ಬಂದರೆ ಜೊಲ್ಲೂ ಬರುತ್ತದೆ. "ನಗಿಸ್ಬೇಡ ಅಜ್ಜೀ, ಸುರ್ದೋಗುತ್ತೆ."

"ಸುರೀಲಿ ಬಿಡಿ. ನೆಲ ಒರಸೋಕೆ ತಾನೆ ನಂಗೆ ಸಂಬಳ ಕೊಡೋದು? ಒಣಗಿದ್ ನೆಲ ಒರಸಿದ್ರೆ ಮೇಸ್ತ್ರಿ ಬೈತಾನೆ."

ನೆಲ ಒರೆಸುವುದಕ್ಕೇ ಸಂಬಳ ಎಂಬುದು ಸುಳ್ಳಲ್ಲ. ಆಸ್ಪತ್ರೆಯ ಲೆಕ್ಕದಲ್ಲಿ ತಪ್ಕಿಗೆನ್ ಕಸಗುಡಿಸುವವರ ಸಾಲಿನಲ್ಲಿದ್ದಾರೆ. ಆದರೆ ಕಿಪ್ಸಿಗಿಸ್ ಜನರ ಈ ಸೀಮೆಯ ಯಾವ ಗುಡ್ಡಕ್ಕೆ ಹೋಗಿ ಕೇಳಿದರೂ, "ಗಂಟಲಿಗೆ ಜಾಲರಿ ಹಾಕೋ ಕಡೆ ಒಬ್ಬಳು ಅಜ್ಜಿ ಇದ್ದಾಳಲ್ಲ" ಎನ್ನುತ್ತಾರೆ. ಡಾಕ್ಟರ ಹೆಸರು ಕೇಳಿದರೆ ತಡವರಿಸುತ್ತಾರೆ.

ಒಳಗಿನ ಕೋಣೆಯಲ್ಲಿ ನಡೆಯುವುದು ಇಷ್ಟು. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಗಂಟಲಿಗೆ ಮರಗಟ್ಟುವ ಔಷಧ ಸಿಂಪಡಿಸಿ, ನಿದ್ದೆಯ ಮಂಪರು ಬರಿಸುತ್ತಾರೆ. ಡಾಕ್ಟರು ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆ ಇಳಿಸಿ, ಗಡ್ಡೆ ಬೆಳೆದು ಹಿಚುಕಿದ ಜಾಗವನ್ನು ಹುಡುಕುತ್ತಾರೆ. ಆ ಸಂದಿನಲ್ಲಿ ಮೊದಲು ತೆಳ್ಳನೆಯ ತಂತಿಯೊಂದನ್ನು ತೂರಿಸಿ, ಅದರ ಮೇಲೆ ಬಿಗಿಯಾಗಿ ಮಡಚಿಟ್ಟ ಲೋಹದ ಜಾಲರಿಯನ್ನು ಜಾರಿಸುತ್ತಾರೆ. ಮೇಲಿನ ಕವಚ ಎಳೆದ ಕೂಡಲೇ ಜಾಲರಿ ತಾನಾಗಿಯೇ ಅರಳತೊಡಗುತ್ತದೆ. ಮೈಯ ಬಿಸಿಗೆ ಇನ್ನಷ್ಟು ಬಿಚ್ಚಿಕೊಂಡು, ಒಂದೆರಡು ದಿನದಲ್ಲಿ ಗಡ್ಡೆಯನ್ನು ಬದಿಗೆ ಒತ್ತಿ ದಾರಿ ಬಿಡಿಸುತ್ತದೆ. ಇದಕ್ಕೆ ಸ್ಟೆಂಟ್ ಎಂದು ಹೆಸರು. ತಪ್ಕಿಗೆನ್ ಪಾಲಿಗೆ ಅದು ಜಾಲರಿ, ಅಷ್ಟೆ.

ಈ ಹೊತ್ತಿನಲ್ಲೆಲ್ಲ ರೋಗಿಯ ತಲೆ ಇರುವುದು ತಪ್ಕಿಗೆನ್ ಅವರ ಅಂಗೈಯಲ್ಲಿ. ದವಡೆ ಎತ್ತಿ ಹಿಡಿಯುವುದು, ಜೊಲ್ಲು ಒರೆಸುವುದು, ಕೊಳವೆಗೆ ಹಲ್ಲು ತಾಗದಂತೆ ಕಾಯುವುದು ಅವರ ಕೆಲಸ. "ಕಿವೀಲಿ ಏನಾದ್ರೂ ಹೇಳ್ತಾ ಇರ್ತೀನಿ. ಹಸು ಕರು ಹಾಕುವಾಗ ಮಾತಾಡ್ಸಲ್ವಾ, ಹಂಗೆ. ಏನ್ ಹೇಳ್ದೆ ಅಂತ ನಂಗೂ ನೆನಪಿರಲ್ಲ, ಅವರಿಗೂ ಇರಲ್ಲ."

ಮಂಪರು ಇಳಿದು ಕೆಲವು ಗಂಟೆ ಕಳೆದ ಮೇಲೆ ಬೆಚ್ಚನೆ ನೀರಿನ ಲೋಟ ಬರುತ್ತದೆ. ತಿಂಗಳುಗಟ್ಟಲೆ ಮುಚ್ಚುತ್ತಾ ಬಂದ ಗಂಟಲಿಗೆ ಮೊದಲ ಗುಟುಕು. ಅದನ್ನು ಕುಡಿಸುವವರು ತಪ್ಕಿಗೆನ್. ನರ್ಸುಗಳಿಗೆ ಬಿಡುವಿಲ್ಲದೆ ಹಿಂದೊಮ್ಮೆ ಅವರ ಕೈಗೆ ಬಿದ್ದ ಲೋಟ ಮತ್ತೆ ಬೇರೆಯವರ ಕೈಗೆ ಹೋಗಲಿಲ್ಲ. ದಿನಕ್ಕೆ ಇಬ್ಬರೋ ಮೂವರೋ. ಸಂತೆಯ ದಿನ ಇನ್ನೂ ಹೆಚ್ಚು. ಸಂತೆಗೆಂದು ಹೇಳಿ ಮನೆಯಿಂದ ಹೊರಟು, ಯಾರಿಗೂ ತಿಳಿಯದಂತೆ ಇಲ್ಲಿಗೆ ಬರುವವರು ಅವರು.

ಯಾಕೆ ತಿಳಿಯಬಾರದು? ಈ ಗುಡ್ಡಗಳ ಚಹಾ ಯಾವ್ಯಾವುದೋ ದೇಶದ ಪಿಂಗಾಣಿ ಬಟ್ಟಲಲ್ಲಿ ಹೊಗೆಯಾಡುತ್ತದೆ. ಆ ಎಲೆ ಕಿತ್ತವರ ಗಂಟಲು ಮಾತ್ರ ನಲವತ್ತಕ್ಕೇ, ಕೆಲವೊಮ್ಮೆ ಇಪ್ಪತ್ತೈದಕ್ಕೇ ಕಟ್ಟಿಕೊಳ್ಳುತ್ತದೆ. ಕುದಿಕುದಿಯುವ ಚಹಾ ಕಾರಣ ಎನ್ನುತ್ತಾರೆ ಒಬ್ಬರು. ಸೋರೆಬುರುಡೆಗೆ ಇದ್ದಿಲು ಸವರಿ ಹುಳಿಸುವ ಮುರ್ಸಿಕ್ ಹಾಲು ಎನ್ನುತ್ತಾರೆ ಇನ್ನೊಬ್ಬರು. ಒಲೆಯ ಹೊಗೆ, ಜೋಳದ ಬೂಷ್ಟು, ಮಣ್ಣು, ವಂಶದ ರಕ್ತ. ಪರೀಕ್ಷೆಗೆಂದು ರಕ್ತ ತೆಗೆದುಕೊಂಡು ಹೋದವರು ತಿರುಗಿ ಬಂದು, "ಇದೇ ಕಾರಣ, ಇದನ್ನು ನಿಲ್ಲಿಸಿ" ಎಂದು ಖಚಿತವಾಗಿ ಹೇಳಿದ್ದನ್ನು ಯಾರೂ ಕೇಳಿಲ್ಲ. ಮತ ಕೇಳಲು ಬರುವ ದೊಡ್ಡವರು ತಮ್ಮ ಗಂಟಲು ಕೆರೆದರೂ ವಿಮಾನ ಹತ್ತುತ್ತಾರೆ. ವಿಜ್ಞಾನ ಖಾಲಿ ಬಿಟ್ಟ ಜಾಗದಲ್ಲಿ ಊರಿನ ಮಾತು ಬಂದು ಕೂತಿದೆ: ಸುಳ್ಳಾಣೆ ಮಾಡಿದವನ ಗಂಟಲು ಕಟ್ಟುತ್ತದೆ. ಭೂಮಿಯ ಗಡಿಗೋ, ಕದ್ದ ದನಕ್ಕೋ ಹಿರಿಯರ ಮುಂದೆ ಆಣೆ ಮಾಡಿ ಸುಳ್ಳು ಹೇಳಿದರೆ, ಆ ಸುಳ್ಳು ಗಂಟಲಲ್ಲಿ ಕೂತು ಬೆಳೆಯುತ್ತದಂತೆ. ಹಾಗಾಗಿ ಇಲ್ಲಿ ಹಸಿವಿನಿಂದ ಸಾಯುವವನು ಕಳ್ಳನಂತೆಯೂ ಸಾಯಬೇಕು. ರೋಗ ಕೊಟ್ಟವರು ಯಾರೋ ಗೊತ್ತಿಲ್ಲ. ಈ ಅವಮಾನವನ್ನು ಕೊಟ್ಟವರು ನಾವೇ.

ತಪ್ಕಿಗೆನ್ ಈ ಮಾತಿಗೆ ತಲೆಯಾಡಿಸುವುದಿಲ್ಲ. ಅವರ ನಾಚಿಕೆ ಊರಿನದಲ್ಲ, ಸ್ವಂತದ್ದು. ಕ್ಯಾಮೆರಾ ಕೊಳವೆಯನ್ನು ಸಿಂಕಿನಲ್ಲಿ ಅದ್ದಿ ಬ್ರಷ್ಷು ತೂರಿಸುತ್ತಾ, ಪೇಪರಿಗೆ ಬರೆಯಲು ಬಂದ ನಮ್ಮ ಮುಖ ನೋಡದೆ ಅದನ್ನು ಹೇಳುತ್ತಾರೆ.

"ನಮ್ ಯಜಮಾನ ಅರಪ್ ಬುಸೆನೈ. ಚಹಾ ಫ್ಯಾಕ್ಟರೀಲಿ ಎಲೆ ಒಣಗಿಸೋ ಕೆಲಸ. ಒಂದು ವರ್ಷ ಇದ್ದಕ್ಕಿದ್ದಂಗೆ ನನ್ ಮನೇಲಿ ಉಣ್ಣೋದು ಬಿಟ್ಟ. ತಟ್ಟೆ ಎತ್ಕೊಂಡು ಹಿತ್ತಿಲಿಗೆ ಹೋಗೋನು. ಕೇಳಿದ್ರೆ, ಒಳಗೆ ಸೆಕೆ ಅನ್ನೋನು. ಈ ಚಳೀಲಿ ಸೆಕೆ! ನಮ್ ಕಡೆ ಗಂಡಸು ಒಬ್ಬಳ ಮನೇಲಿ ಉಣ್ಣಲಿಲ್ಲ ಅಂದ್ರೆ ಇನ್ನೊಬ್ಬಳ ಮನೇಲಿ ಉಂಡಿದ್ದಾನೆ ಅಂತಾನೆ ಅರ್ಥ. ನಾನೂ ಹಂಗೇ ತಿಳ್ಕೊಂಡೆ. 'ಯಾವಳ ಒಲೆ ರುಚಿ ಹತ್ತಿದೆ ನಿಂಗೆ?' ಅಂತ ದಿನಾ ಚುಚ್ಚಿದೆ. ನಾದಿನೀರ ಮುಂದೆ ಅಂದೆ. ಚರ್ಚಿಗೆ ಹೋಗೋ ದಾರೀಲಿ ಅಂದೆ."

ಗಂಡ ಇಲ್ಲ ಎನ್ನಲಿಲ್ಲವೇ?

"ಇಲ್ಲ ಅನ್ನಲಿಲ್ಲ ಕಣಪ್ಪಾ. ಹೂಂ ಅಂದುಬಿಟ್ಟ. ಒಬ್ಬಳಿದ್ದಾಳೆ ಅಂದ. ನುಂಗೋಕಾಗಲ್ಲ ಅನ್ನೋದಕ್ಕಿಂತ ಅದೇ ಮರ್ಯಾದೆ ಅನ್ನಿಸ್ತು ಅವನಿಗೆ. ಹಿತ್ತಿಲಲ್ಲಿ ಮುದ್ದೇನೆಲ್ಲಾ ಪಕ್ಕದ ಮನೆ ನಾಯಿಗೆ ಹಾಕ್ತಿದ್ದ. ನಾಯಿ ಕೊಬ್ಬಿತ್ತು, ನನ್ ಗಂಡ ಒಣಗಿದ್ದ. ನನ್ ಕಣ್ಣಿಗೆ ಎರಡೂ ಕಾಣ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡೋ ಬುದ್ಧಿ ಬರಲಿಲ್ಲ."

ಕೊನೆಗೆ ಫ್ಯಾಕ್ಟರಿಯಲ್ಲಿ ಕುಸಿದು ಬಿದ್ದಾಗ ಹೊತ್ತು ತಂದದ್ದು ಇದೇ ಆಸ್ಪತ್ರೆಗೆ. ಆಗ ಇಲ್ಲಿ ಜಾಲರಿ ಇರಲಿಲ್ಲ. ಹೊಟ್ಟೆಗೆ ತೂತು ಮಾಡಿ ನಳಿಗೆ ಇಟ್ಟರು, ಕೆಲವೇ ದಿನ. "ನಳಿಗೇಲಿ ಗಂಜಿ ಬಿಡುವಾಗ ಒಂದಿನ ಕೇಳ್ದೆ, ಯಾಕಪ್ಪಾ ಹೇಳಲಿಲ್ಲ ಅಂತ. ಗೋಡೆ ಕಡೆ ತಿರುಗ್ಕೊಂಡ." ಬ್ರಷ್ಷು ನಿಲ್ಲುತ್ತದೆ. "ಅವನ ಹೆಣ ಮನೆಗೆ ಬಂದಾಗ ಅತ್ತೆ ಏನಂದ್ರು ಗೊತ್ತಾ? ಇವಳು ಹೊಟ್ಟೆಗೆ ಹಾಕಲಿಲ್ಲ ಅಂದ್ರು. ಅದಕ್ಕೆ ನಾನು ಏನ್ ಜವಾಬು ಕೊಡ್ಲಿ?"

ಕೆಲಸ ಕೇಳಿಕೊಂಡು ಅವರು ಆಸ್ಪತ್ರೆಗೆ ಬಂದದ್ದು ಆ ಮೇಲೆ. ಅದನ್ನು ಸೇವೆ ಎಂದೋ ಪ್ರಾಯಶ್ಚಿತ್ತ ಎಂದೋ ಕರೆದರೆ ಸಿಡುಕುತ್ತಾರೆ: "ಮಕ್ಕಳ ಸ್ಕೂಲಿಗೆ ದುಡ್ಡು ಬೇಕಿತ್ತು." ಊರಿನ ಹೆಂಗಸರು ಸೇರಿದ ಕಡೆ ಇವತ್ತಿಗೂ ಅವರು ಚಹಾ ಸೋಸಲು ಕೈ ಹಾಕಿದರೆ ಯಾರಾದರೂ ಲೋಟ ಕಿತ್ತುಕೊಳ್ಳುತ್ತಾರೆ. "ನೀನು ಕೂತ್ಕೋ ಅಕ್ಕಾ, ದಣಿದಿದ್ದೀಯ" ಎಂದು ನಯವಾಗಿ. ಎಂಜಲು ತೊಳೆದ ಕೈ ಎಂಬ ಮಾತು ಆ ನಯದ ಕೆಳಗಿದೆ. ತಪ್ಕಿಗೆನ್ ಕೂರುತ್ತಾರೆ. "ಅವರು ಸೋಸಿದ್ ಚಹಾ ಕುಡೀತೀನಿ. ಸಕ್ಕರೆ ಕಮ್ಮಿ ಇದ್ರೆ ಬೈತೀನಿ."

ಗಂಡನ ಸಾವಿನಿಂದ ಒಂದೇ ಒಂದು ಹಟ ಅವರಲ್ಲಿ ಉಳಿದಿದೆ. ಮೊದಲ ಗುಟುಕು ಕುಡಿಸುವಾಗ ಮನೆಯವರೊಬ್ಬರು ಪಕ್ಕದಲ್ಲಿರಬೇಕು. ಹೆಂಡತಿಯೋ, ಮಗಳೋ, ಅಣ್ಣನೋ. ರೋಗಿಗೆ ಹೇಳುವ ಮಾತನ್ನೆಲ್ಲ ಅವರ ಕಿವಿಗೂ ಹಾಕಬೇಕು. ನೆಟ್ಟಗೆ ಕೂತು ಉಣ್ಣಬೇಕು. ಮುದ್ದೆಯನ್ನು ಸಾರಿನಲ್ಲಿ ಕರಗಿಸಬೇಕು. ಮಾಂಸವನ್ನು ಕುಟ್ಟಿ, ಇಲ್ಲವೇ ಬಾಯಲ್ಲೇ ಹಿಟ್ಟಾಗುವಷ್ಟು ಅಗಿಯಬೇಕು. ನಡುನಡುವೆ ಬೆಚ್ಚನೆ ನೀರು. ಉಂಡ ಕೂಡಲೇ ಮಲಗಬಾರದು. ಜಾಲರಿಯಲ್ಲಿ ತುಂಡು ಸಿಕ್ಕಿಕೊಂಡರೆ ಹಳೆಯದೇ ಗತಿ. "ಒಬ್ಬನೇ ಗುಟ್ಟಾಗಿ ಬಂದು ಒಬ್ಬನೇ ಗುಟ್ಟಾಗಿ ಹೋದ್ರೆ, ಒಬ್ಬನೇ ಗುಟ್ಟಾಗಿ ಸಾಯ್ತಾನೆ" ಎನ್ನುವುದು ಅವರ ವಾದ. ಡಾಕ್ಟರೂ ಒಪ್ಪಿದ್ದಾರೆ.

ಆ ಹಟವನ್ನು ತಪ್ಕಿಗೆನ್ ಒಮ್ಮೆ ಮುರಿದಿದ್ದಾರೆ. ಅದೂ ಮೊನ್ನೆ ಮೊನ್ನೆ.

ಅರಪ್ ಸಿಗಿಲೈ ಎಂಬ ಹಿರಿಯರು ಒಬ್ಬರೇ ಬರುತ್ತಾರೆ. (ಇಲ್ಲಿನ ಗಂಡಸರ ಹೆಸರಿನ ಮುಂದೆ ಬರುವ ಅರಪ್ ಎಂದರೆ ಇಂಥವರ ಮಗ ಎಂದು.) ಇಸ್ತ್ರಿ ಮಾಡಿದ ಕೋಟು, ತಲೆಗೆ ಟೋಪಿ, ಕೋಟಿನೊಳಗೆ ಮುಚ್ಚಿಟ್ಟ ಡಬ್ಬಿ. ಹಲ್ಲು ಕೀಳಿಸಲು ಹೋಗುತ್ತೇನೆಂದು ಮನೆಯಲ್ಲಿ ಹೇಳಿದ್ದಾರೆ. ಹೆಂಡತಿ ತೀರಿಕೊಂಡಿದ್ದಾರೆ. ಒಬ್ಬಳೇ ಮಗಳು, ಚೆಲಂಗಾತ್, ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಅವಳ ಕೊಯ್ತೊ, ಅಂದರೆ ಗಂಡಿನ ಕಡೆಯ ಹಿರಿಯರು ಹೆಣ್ಣಿನ ಮನೆಗೆ ಬಂದು ಹಸುಗಳ ಮಾತಾಡಿ ಸಂಬಂಧ ಕುದುರಿಸುವ ದಿನ, ಹತ್ತಿರ ಬಂದಿದೆ. ಆ ದಿನ ಮನೆಯ ಯಜಮಾನ ಬೀಗರ ಜೊತೆ ಒಂದೇ ತಟ್ಟೆಗೆ ಕೈ ಹಾಕಿ ಉಣ್ಣಬೇಕು. ಮೊದಲ ತುತ್ತು ಅವನದು.

ಜಾಲರಿ ಹಾಕಿದ ಮೇಲೆ ತಪ್ಕಿಗೆನ್ ಲೋಟ ಹಿಡಿದು ಕೇಳುತ್ತಾರೆ: "ಎಲ್ಲಿ ಅಣ್ಣಾ, ನಿಮ್ ಕಡೆಯೋರು?"

"ನನ್ ಕಡೆಯೋರು ಯಾರೂ ಇಲ್ಲ."

"ಮಗಳಿದ್ದಾಳೆ ಅಂದ್ರಲ್ಲ?"

"ಇದ್ದಾಳೆ. ಅದಕ್ಕೇ ಬೇಡ ಅಂತಿರೋದು." ಸಿಗಿಲೈ ಮೆಲ್ಲಗೆ, ಜೊಲ್ಲು ಒರೆಸಿಕೊಂಡು ಒರೆಸಿಕೊಂಡು ಹೇಳುತ್ತಾರೆ. "ತಂಗೀ, ಮಗ್ಗುಲ ಹೊಲದೋನ ಜೊತೆ ಗಡಿ ಜಗಳ ಇತ್ತು ನಂಗೆ. ಹಿರಿಯರ ಮುಂದೆ ಆಣೆ ಮಾಡಿದ್ದೀನಿ. ಸತ್ಯಾನೇ ಹೇಳಿದ್ದೀನಿ. ಈಗ ಗಂಟಲು ಕಟ್ಟಿದೆ ಅಂತ ಗೊತ್ತಾದ್ರೆ ಜನ ಯಾವುದನ್ನ ನಂಬ್ತಾರೆ, ನನ್ ಬಾಯನ್ನೋ, ನನ್ ಗಂಟಲನ್ನೋ? ಬೀಗ್ರು ಸುಳ್ಳಾಣೆ ಮನೆ ಹೆಣ್ಣು ಬೇಡ ಅಂತ ಎದ್ದು ಹೋಗ್ತಾರೆ. ಕೊಯ್ತೊ ಒಂದು ಮುಗೀಲಿ. ಆಮೇಲೆ ಮಗಳಿಗೆ ನಾನೇ ಹೇಳ್ತೀನಿ."

ತಪ್ಕಿಗೆನ್ ಲೋಟ ಕೊಡುತ್ತಾರೆ. ಯಾರೂ ನೋಡದ ಕೋಣೆಯಲ್ಲಿ ಸಿಗಿಲೈ ಗುಟುಕರಿಸುತ್ತಾರೆ. ನೀರು ಇಳಿಯುತ್ತದೆ. ಅಷ್ಟು ದೊಡ್ಡ ಮನುಷ್ಯ ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೆ.

"ನಾನ್ಯಾಕೆ ಒಪ್ಪಿದೆ ಗೊತ್ತಾ?" ತಪ್ಕಿಗೆನ್ ಈಗ ನೇರ ನೋಡುತ್ತಾರೆ. "ಆ ಮನುಷ್ಯನ ಮರ್ಯಾದೆ ಉಳಿಸ್ದೆ ಅಂತ ಒಳಗೊಳಗೇ ಖುಷಿ ಆಯ್ತು. ನನ್ ಗಂಡನ ಮರ್ಯಾದೆ ಹರಾಜು ಹಾಕಿದೋಳಲ್ವಾ ನಾನು? ಇವರದಾದ್ರೂ ಉಳೀಲಿ ಅಂದ್ಕೊಂಡೆ. ಅವರ ಹೊಟ್ಟೆಗೆ ಹಾಕೋ ಬದಲು ಅವರ ನಾಚಿಕೆಗೆ ಹಾಕ್ದೆ ತುತ್ತು."

ಕೊಯ್ತೊದ ದಿನ ಸಿಗಿಲೈ ಮನೆಯಲ್ಲಿ ಏನಾಯಿತು ಎಂಬುದನ್ನು ಚೆಲಂಗಾತ್ ಹೇಳುತ್ತಾಳೆ. ಗಂಡಿನ ಅಪ್ಪ ಅರಪ್ ಮಾರಿತಿಮ್ ಮಾತಿನ ಮಲ್ಲ, ಗಟ್ಟಿ ನಗುವಿನವರು. ಜೊತೆಗೆ ಅವರ ಮುದಿತಾಯಿ, ಚಿಕ್ಕಪ್ಪಂದಿರು. ಹಸುಗಳ ಮಾತು ಮುಕ್ಕಾಲು ಮುಗಿದಿದೆ. ಮುರ್ಸಿಕ್ ಬುರುಡೆ ಸುತ್ತು ಬರುತ್ತದೆ. ಸಿಗಿಲೈ ಕುಡಿಯುತ್ತಾರೆ, ಸರಾಗ ಇಳಿಯುತ್ತದೆ. ಎಷ್ಟೋ ತಿಂಗಳ ಮೇಲೆ ಅಪ್ಪನ ಮುಖದಲ್ಲಿ ನಗು ನೋಡಿದೆ ಎನ್ನುತ್ತಾಳೆ ಮಗಳು. ಮೆಕ್ಕೆಜೋಳದ ಮುದ್ದೆ, ಕಡಿದ ಕುರಿಯ ಮಾಂಸ ಒಂದೇ ತಟ್ಟೆಯಲ್ಲಿ ಬರುತ್ತದೆ. ಮಾರಿತಿಮ್ ಬೀಗತನದ ಸಲಿಗೆಯಿಂದ ಪಕ್ಕೆಯ ತುಂಡೊಂದನ್ನು ಕೊಯ್ದು ಸಿಗಿಲೈ ಕೈಗಿಡುತ್ತಾರೆ. ಸಿಗಿಲೈ ಅಗಿಯುತ್ತಾರೆ. ಹೇಳಿಕೊಟ್ಟಂತೆಯೇ, ಹಿಟ್ಟಾಗಲೆಂದು, ಅಗಿಯುತ್ತಲೇ ಇದ್ದಾರೆ. ತಟ್ಟೆಯ ಸುತ್ತ ಕೂತವರು ಆಗಲೇ ಮತ್ತೊಂದು ತುಂಡಿಗೆ ಕೈ ಹಾಕಿದ್ದಾರೆ.

"ಏನ್ ಬೀಗ್ರೇ," ಎನ್ನುತ್ತಾರೆ ಮಾರಿತಿಮ್, "ನಿಮ್ ಮನೆ ಕುರಿ ನಿಮ್ಗೇ ಗಟ್ಟಿಯಾಯ್ತಾ? ನಮ್ಗೇನೋ ಸೊಸೆ ಕೊಡ್ತೀರಿ ಅಂದ್ಕೊಂಡ್ರೆ ಮುದಿಕುರಿ ಕೊಟ್ರಲ್ಲಪ್ಪಾ!"

ಮನೆ ತುಂಬ ನಗು. ಆ ನಗುವಿನ ನಡುವೆ ಸಿಗಿಲೈ ಅರ್ಧ ಅಗಿದದ್ದನ್ನು ನುಂಗಿಬಿಡುತ್ತಾರೆ. ಬೀಗರ ಎದುರು ಬಾಯಿಂದ ತುತ್ತು ತೆಗೆಯುವ ಯಜಮಾನ ಈ ಸೀಮೆಯಲ್ಲಿ ಹುಟ್ಟಿಲ್ಲ.

ಮೊದಲು ಎದೆ ಹಿಡಿದುಕೊಳ್ಳುತ್ತಾರೆ. ಆಮೇಲೆ ತುಟಿಯ ಅಂಚಿನಿಂದ ಜೊಲ್ಲು. ಎದ್ದು ಹಿತ್ತಿಲಿಗೆ ಹೋಗುತ್ತಾರೆ. ಬೆನ್ನ ಹಿಂದೆಯೇ ಹೋದ ಚೆಲಂಗಾತ್‌ಗೆ ಅಪ್ಪ ಚಹಾಗಿಡಗಳ ಸಾಲಿನಲ್ಲಿ ಮಂಡಿಯೂರಿ ಉಗುಳುತ್ತಿರುವುದು ಕಾಣುತ್ತದೆ. "ಆಸ್ಪತ್ರೆ" ಎನ್ನುವಷ್ಟು ಮಾತ್ರ ಬಾಯಿಂದ ಬರುತ್ತದೆ. ಆ ಮನೆಯ ಅಂಗಳದಲ್ಲಿದ್ದದ್ದು ಒಂದೇ ಗಾಡಿ, ಮಾರಿತಿಮ್ ಅವರ ಪಿಕಪ್ಪು. ಹೆಣ್ಣು ಕೇಳಲು ಬಂದವರೆಲ್ಲ ಹಿಂದೆ ಹತ್ತಿಕೊಂಡು, ಹೆಣ್ಣಿನ ಅಪ್ಪನನ್ನು ನಡುವೆ ಕೂರಿಸಿಕೊಂಡು ಬರುತ್ತಾರೆ.

ಡಾಕ್ಟರು ಕ್ಯಾಮೆರಾ ಇಳಿಸಿ ಮಾಂಸದ ತುಂಡನ್ನು ಹಿಡಿದೆಳೆಯುತ್ತಾರೆ. ಜಾಲರಿ ಇದ್ದಲ್ಲೇ ಇದೆ. ಜೀವಕ್ಕೆ ಅಪಾಯವಿಲ್ಲ. ಅದನ್ನು ಹೊರಗೆ ಬಂದು ಹೇಳುವಾಗ ಜಾಲರಿಯ ಸಂಗತಿಯೂ, ಮೊದಲ ಗುಟುಕು ಕುಡಿಸಿದವರ ಹೆಸರೂ ಹೊರಬೀಳುತ್ತವೆ. ರಜೆಯಲ್ಲಿದ್ದ ತಪ್ಕಿಗೆನ್ ಸುದ್ದಿ ಕೇಳಿ ಬಾಡಿಗೆ ಬೈಕು ಹತ್ತಿ ಬಂದಾಗ ಮೊಗಸಾಲೆಯಲ್ಲಿ ಎರಡೂ ಕಡೆಯವರು ದೂರ ದೂರ ನಿಂತಿದ್ದಾರೆ.

ಮಾರಿತಿಮ್ ನಗು ಎಲ್ಲೋ ಹೋಗಿದೆ. "ನೀನೇ ಏನಮ್ಮಾ ಇವರಿಗೆ ನೀರು ಕುಡಿಸಿದೋಳು? ಗಂಟಲಲ್ಲಿ ತಂತಿ ಇಟ್ಕೊಂಡು, ಬಾಯಿ ಮುಚ್ಕೊಂಡು ನಮ್ ಜೊತೆ ಕೂತಿದ್ರಲ್ಲ! ಸುಳ್ಳಾಣೆ ಮನೆ ಅನ್ನೋದನ್ನ ಮುಚ್ಚಿಟ್ಟು ಹೆಣ್ಣು ದಾಟಿಸ್ತಿದ್ರಾ? ನಡೀರಿ ಹೋಗಾನ. ಮಾತು ಇಲ್ಲಿಗೇ ಮುರೀತು."

ಚೆಲಂಗಾತ್ ತಲೆ ಬಗ್ಗಿಸುತ್ತಾಳೆ.

"ಮುಚ್ಚಿಟ್ಟೋಳು ನಾನು," ಎನ್ನುತ್ತಾರೆ ತಪ್ಕಿಗೆನ್. "ಆ ಮಗು ಮೇಲೆ ಕೂಗಾಡ್ಬೇಡಿ. ಅದಕ್ಕೆ ಏನೂ ಗೊತ್ತಿಲ್ಲ. ಮನೆಯೋರ ಮುಂದೇನೇ ಕುಡಿಸ್ಬೇಕಿತ್ತು ನಾನು, ಕುಡಿಸಲಿಲ್ಲ. ನಿಮ್ ಮುಂದೆ ಅಗಿಯೋಕೆ ಹೆದರಿ ನುಂಗಿದ್ದಾರೆ ಆ ಮನುಷ್ಯ."

ಆ ಮೇಲೆ, ಸಿಂಕಿನ ಮುಂದೆಯೂ ಬೆನ್ನು ತಿರುಗಿಸಿ ಹೇಳುವ ಕತೆಯನ್ನು ಅಷ್ಟು ಜನರ ಎದುರು ನಿಂತು ಹೇಳುತ್ತಾರೆ. ಗಂಡ, ಹಿತ್ತಿಲು, ನಾಯಿ, ತಾನು ಆಡಿದ ಮಾತು. ಗಂಡಿನ ಕಡೆಯ ಗಂಡಸರು ಕಾಲು ನೋಡಿಕೊಳ್ಳುತ್ತಾರೆ. "ಅವನೂ ಆಣೆ ಮಾಡಿದ್ನಾ ಅಂತ ಕೇಳಿ ನನ್ನ. ಯಾವ ಆಣೇನೂ ಮಾಡಿರಲಿಲ್ಲ. ಸುಳ್ಳು ಹೇಳಿದ್ದು ಒಂದೇ, ಇನ್ನೊಬ್ಬಳಿದ್ದಾಳೆ ಅಂತ. ಅದೂ ಗಂಟಲು ಕಟ್ಟಿದ ಮೇಲೆ."

ಆಗ ಬೆಂಚಿನ ತುದಿಯಲ್ಲಿ ಕೋಲೂರಿ ಕೂತಿದ್ದ ಮಾರಿತಿಮ್ ತಾಯಿ ಬಾಯಿ ತೆರೆಯುತ್ತಾರೆ. "ಲೋ, ನಿನ್ ಅಣ್ಣ ಯಾತರಲ್ಲಿ ಸತ್ತ?"

"ಈಗ್ಯಾಕಮ್ಮಾ ಅದು?"

"ಯಾತರಲ್ಲಿ ಸತ್ತ ಹೇಳು."

"ಎದೆನೋವು."

"ಎದೆನೋವಂತೆ!" ಮುದುಕಿ ಕೋಲು ನೆಲಕ್ಕೆ ಕುಟ್ಟುತ್ತಾರೆ. "ಕೊಟ್ಟಿಗೇಲಿ ಹಾಸಿಗೆ ಹಾಕ್ದೆ ನಾನು, ಯಾರ್ ಕಣ್ಣಿಗೂ ಬೀಳಬಾರದು ಅಂತ. ಬಟ್ಟೆ ಹಿಂಡಿ ತುಟಿಗೆ ನೀರು ಬಿಟ್ಟಿದ್ದು ನಾನು. ಎದೆನೋವು ಅಂತ ಊರಿಗೆಲ್ಲಾ ಹೇಳಿದ್ದು ನೀನು. ಈ ಬಡಪಾಯಿ ಮುಚ್ಚಿಟ್ಟ ಅಂತ ಗಂಟಲು ಹರ್ಕೋತಿದ್ದೀಯಲ್ಲ, ನಿನ್ ಗಂಟಲಿಗೆ ಏನೂ ಆಗಿಲ್ಲ ನೋಡು. ಸುಳ್ಳಿಗೆ ಗಂಟಲು ಕಟ್ಟೋ ಹಾಗಿದ್ರೆ ಮೊದಲು ನಿಂದು ಕಟ್ಟಬೇಕಿತ್ತು. ಆಮೇಲೆ ನಂದು."

ಮಾರಿತಿಮ್ ಅಂಗಳಕ್ಕೆ ಇಳಿದು ಪಿಕಪ್ಪಿನ ಬಳಿ ಹೋಗಿ ನಿಲ್ಲುತ್ತಾರೆ. ಗಾಡಿ ಹೊರಡುವ ಸದ್ದಿಗೆ ಎಲ್ಲರೂ ಕಾಯುತ್ತಾರೆ. ಸದ್ದು ಬರುವುದಿಲ್ಲ.

ಬೆಳಗಾದ ಮೇಲೆ ಸಿಗಿಲೈಗೆ ಮತ್ತೆ ಮೊದಲ ಗುಟುಕಿನ ಹೊತ್ತು. ನೀರಾಗಿ ಕಾಸಿದ ರಾಗಿಗಂಜಿ ಸಿದ್ಧವಾಗಿದೆ. ಸಿಗಿಲೈ ಕಣ್ಣು ಮುಚ್ಚಿಕೊಂಡೇ ಕೂತಿದ್ದಾರೆ. ಈ ಸಲ ತಪ್ಕಿಗೆನ್ ಲೋಟವನ್ನು ತಾವು ಹಿಡಿಯದೆ ಬಾಗಿಲಲ್ಲಿ ನಿಂತ ಮಾರಿತಿಮ್ ಕಡೆ ಚಾಚುತ್ತಾರೆ.

"ನಾನಾ? ನಂಗೆ ಇದೆಲ್ಲಾ ಬರಲ್ಲಮ್ಮಾ."

"ಮಾಂಸ ಕೊಯ್ದು ಕೈಗಿಡೋಕೆ ಬಂತಲ್ಲ?"

ಮಾರಿತಿಮ್ ಲೋಟ ಹಿಡಿಯುತ್ತಾರೆ. ಲೋಟವನ್ನು ಜಾಸ್ತಿ ಓರೆ ಮಾಡಿ, ಗಂಜಿಯನ್ನು ಸಿಗಿಲೈ ಅಂಗಿಯ ಮೇಲೆ ಚೆಲ್ಲುತ್ತಾರೆ. ಮೊದಲ ಗುಟುಕಿಗೆ ಕೆಮ್ಮು. ಜೊಲ್ಲು ಕೊರಳಿಗೆ ಇಳಿಯುತ್ತದೆ. ಚೆಲಂಗಾತ್ ಒರೆಸಲು ಹೋದರೆ ಅಪ್ಪ ಕೈ ತಳ್ಳುತ್ತಾರೆ, ಆಮೇಲೆ ಬಿಡುತ್ತಾರೆ. ಎರಡನೆಯದು ಇಳಿಯುತ್ತದೆ. ಗಂಜಿ ಮುಗಿಯುವ ವೇಳೆಗೆ ಮಾರಿತಿಮ್ ಕೇಳುತ್ತಾರೆ, ಸಿಗಿಲೈ ಅವರನ್ನೇ: "ನಾನು ನಗದೆ ಇದ್ದಿದ್ರೆ ಉಗೀತಿದ್ರಾ ಬೀಗ್ರೇ?"

"ಇಲ್ಲ," ಎನ್ನುತ್ತಾರೆ ಸಿಗಿಲೈ. "ಅಗೀತಿದ್ದೆ."

ಮುರಿದ ಮಾತು ಅದಾದ ಒಂದು ವಾರಕ್ಕೆ ಸಿಗಿಲೈ ಅವರ ಮನೆಯಲ್ಲಿ ಕೂಡುತ್ತದೆ. ಮದುವೆ ಗೊತ್ತಾಗಿದೆ. ಇಲ್ಲಿಗೆ ಎಲ್ಲವೂ ಸುಖವಾಯಿತು ಎಂದು ಯಾರೂ ಪೇಪರು ಮಡಚಬಾರದು. ಜಾಲರಿ ಬಾಗಿಲು ತೆರೆಯುತ್ತದೆ, ಮನೆಗೆ ಹತ್ತಿದ ಬೆಂಕಿಯನ್ನು ಆರಿಸುವುದಿಲ್ಲ. ಗಡ್ಡೆ ಒಳಗೇ ಇದೆ. ತಮ್ಮ ಹತ್ತಿರ ಇರುವುದು ಕೆಲವು ತಿಂಗಳು ಎಂದು ಸಿಗಿಲೈ ಅವರಿಗೂ ಗೊತ್ತು, ಈಗ ಮಗಳಿಗೂ ಗೊತ್ತು. ನುಂಗಲು ಕಷ್ಟವಾದ ಮೊದಲ ವಾರವೇ ಬಂದಿದ್ದರೆ? ಈ ಪ್ರಶ್ನೆಯನ್ನು ಸಿಗಿಲೈ ಅವರಿಗೆ ಕೇಳುವ ಯೋಗ್ಯತೆ ನಮಗಿಲ್ಲ. ಅವರು ಬರದಂತೆ ದಾರಿಗೆ ಅಡ್ಡ ನಿಂತದ್ದು ನಮ್ಮ ಬಾಯಿ. ಗುಡ್ಡಕ್ಕೊಂದು ಕ್ಯಾಮೆರಾ ಕೊಡಲಾರದ ಸರ್ಕಾರಕ್ಕೆ ನಾಚಿಕೆಯಾಗಬೇಕು, ನಿಜ. ಆದರೆ ಜೊಲ್ಲು ಒರೆಸಿಕೊಳ್ಳುವ ಮನುಷ್ಯನನ್ನು ಕಂಡು ಲೋಟ ಬೇರೆ ಇಟ್ಟವರು ಸರ್ಕಾರದವರಲ್ಲ.

ಲೋಟದ ಮಾತು ಬಂದಾಗ ತಪ್ಕಿಗೆನ್ ತಮ್ಮ ಆಸೆ ಹೇಳುತ್ತಾರೆ. ಸಂಬಳ ಹೆಚ್ಚಾಗಲಿ, ಕಸಗುಡಿಸುವವರ ಸಾಲಿನಿಂದ ಹೆಸರು ಮೇಲೆ ಬರಲಿ ಎಂಬ ಆಸೆಯನ್ನು ನಾವೇ ಅವರ ಬಾಯಿಗೆ ಹಾಕಲು ನೋಡಿದೆವು. "ಬಂದ್ರೆ ಬೇಡ ಅನ್ನಲ್ಲ" ಎಂದು ಪಕ್ಕಕ್ಕಿಟ್ಟರು.

"ಜಾಲರಿ ಹಾಕಿಸ್ಕೊಂಡು ಹೋದೋರಿಗೆ ಮನೇಲಿ ಬೇರೆ ತಟ್ಟೆ ಹಾಕ್ತಾರೆ. ಪ್ರೀತಿಗೇ ಹಾಕ್ತಾರೆ, ಪಾಪ, ನಿಧಾನಕ್ಕೆ ತಿನ್ನಲಿ ಅಂತ. ಬೇರೆ ತಟ್ಟೆ ಬಂತು ಅಂದ್ರೆ ಆ ಮನುಷ್ಯ ಮೂಲೆಗೆ ಹೋದ ಅಂತಾನೆ ಲೆಕ್ಕ. ನಾಳೆ ಮೂಲೆ, ನಾಳಿದ್ದು ಹಿತ್ತಿಲು. ಒಂದೇ ತಟ್ಟೇಲಿ ಉಣ್ಣಿ. ಅವನು ನಿಧಾನಕ್ಕೆ ತಿಂದ್ರೆ ನೀವೂ ನಿಧಾನಕ್ಕೆ ತಿನ್ನಿ. ಹಸಿದು ಸಾಯಲ್ಲ ಯಾರೂ. ಇಷ್ಟು ಬರೀರಿ ನಿಮ್ ಪೇಪರ್‌ನಲ್ಲಿ."

ಸಿಗಿಲೈ ಅವರ ಮನೆಯಲ್ಲಿ ಈಗ ಊಟಕ್ಕೆ ಕೂತರೆ ಸಂಜೆಯ ಬೆಳಕು ಹೋಗುವವರೆಗೂ ಮುಗಿಯುವುದಿಲ್ಲವಂತೆ. ಮುದ್ದೆ ತಣ್ಣಗಾಗುತ್ತದೆ, ಸಾರಿನ ಮೇಲೆ ಕೆನೆಗಟ್ಟುತ್ತದೆ, ನೊಣ ಬರುತ್ತದೆ. ಯಾರೂ ಏಳುವುದಿಲ್ಲ.